ಹಳೆಯ ಕಾರಿನ ಟಿಕ್ ಟಿಕ್ ಸದ್ದು, ಬಳಲಿದ ವೈರಿಂಗ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಆಯ್ದುಕೊಂಡ ಪತ್ರಗಳೆಲ್ಲವೂ ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ಸಂಬಂಧಿಸಿದವು. 2000ದ ಏಪ್ರಿಲ್‌ನಲ್ಲಿ ‘ಇಂಡಿಯಾ 2000’ ಎಂಬ ಹೊಗೆ ನಿಯಮ ದೇಶದಾದ್ಯಂತ ಜಾರಿಗೆ ಬಂದ ಆಸುಪಾಸಿನಲ್ಲಿ ನಮ್ಮ ಸಣ್ಣ ಕಾರುಗಳು ಕಾರ್ಬ್ಯುರೇಟರ್ ಬಿಟ್ಟು ಎಂಪಿಎಫ್ಐ (ಒಂದೊಂದು ಸಿಲಿಂಡರಿಗೂ ಒಂದೊಂದು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ವ್ಯವಸ್ಥೆಗೆ ಬಂದವು. ಆಗ ಕೊಂಡ ಕಾರುಗಳು ಇಂದಿಗೂ ಸಾವಿರಾರು ಮನೆಗಳ ಮುಂದೆ ನಿಂತಿವೆ. ಅವುಗಳಲ್ಲಿ ಅನೇಕದರ ಇಂಜಿನ್ ಗಟ್ಟಿಯಾಗಿಯೇ ಇದ್ದರೂ ಅದಕ್ಕೆ ಕರೆಂಟು ಒಯ್ಯುವ ವೈರುಗಳಿಗೆ ವಯಸ್ಸಾಗಿದೆ. ಬಂದ ಪತ್ರಗಳನ್ನು ಒಟ್ಟಿಗೆ ಓದಿದಾಗ ಸದ್ದಿನ ದೂರು, ವೈರಿಂಗ್ ದೂರು ಎರಡೂ ಬಹಳ ಕಡೆ ಒಂದೇ ಬೇರಿನಿಂದ ಹುಟ್ಟಿದವು ಎಂದು ನನಗೆ ಅನ್ನಿಸಿತು.

ಪ್ರಶ್ನೆ: ನಮ್ಮ ತಂದೆಯವರು 2002ರಲ್ಲಿ ಕೊಂಡ ಮಾರುತಿ ಝೆನ್ ಕಾರನ್ನು ಈಗಲೂ ಓಡಿಸುತ್ತಿದ್ದೇನೆ. ಐಡ್ಲಿಂಗ್‌ನಲ್ಲಿ (ಕಾರು ನಿಂತು ಇಂಜಿನ್ ಮಾತ್ರ ಓಡುವಾಗ) ಬಾನೆಟ್ ಎತ್ತಿದರೆ ಹೊಲಿಗೆ ಯಂತ್ರದ ಹಾಗೆ ಟಿಕ್ ಟಿಕ್ ಸದ್ದು ಬರುತ್ತದೆ. ಒಬ್ಬ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ಟಿಂಗ್ ಹೋಗಿದೆ ಎನ್ನುತ್ತಾರೆ. ಇನ್ನೊಬ್ಬರು ನಾಲ್ಕೂ ಇಂಜೆಕ್ಟರ್ ಬದಲಿಸಬೇಕು ಎನ್ನುತ್ತಾರೆ. ಯಾರ ಮಾತನ್ನು ನಂಬಲಿ? (ಓದುಗರೊಬ್ಬರು, ಹಾಸನ)

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಟ್ಟು ಮೊದಲು ಕಿವಿಗೊಡಿ. ಇಂಜೆಕ್ಟರ್ ಟಿಕ್ ಎನ್ನುವುದು ರೋಗವಲ್ಲ, ಅದರ ಸಹಜ ಸದ್ದು. ಒಳಗಿರುವ ತಂತಿ ಸುರುಳಿಗೆ ಕರೆಂಟು ಹರಿದಾಗ ಸಣ್ಣದೊಂದು ಸೂಜಿ ಕೂದಲೆಳೆಯಷ್ಟು ಮೇಲೆದ್ದು ಪೆಟ್ರೋಲನ್ನು ಚಿಮ್ಮಿಸುತ್ತದೆ, ಕರೆಂಟು ನಿಂತೊಡನೆ ಸ್ಪ್ರಿಂಗಿನ ಬಲದಿಂದ ಮತ್ತೆ ಕೂತುಬಿಡುತ್ತದೆ. ಆ ಏಳುವ ಕೂರುವ ಬಡಿತವೇ ನಿಮ್ಮ ಕಿವಿಗೆ ಬೀಳುವ ಸದ್ದು. ಸರದಿಯಂತೆ ಚಿಮ್ಮಿಸುವ ವ್ಯವಸ್ಥೆಯಲ್ಲಿ ಒಂದೊಂದು ಇಂಜೆಕ್ಟರೂ ಇಂಜಿನ್ನಿನ ಎರಡು ಸುತ್ತಿಗೊಮ್ಮೆ ತೆರೆಯುತ್ತದೆ. ಐಡ್ಲಿಂಗ್ 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಇದ್ದರೆ ಒಂದಕ್ಕೆ ನಿಮಿಷಕ್ಕೆ 400 ಬಡಿತ, ನಾಲ್ಕಕ್ಕೂ ಸೇರಿ 1,600 ಬಡಿತ. ಹೊಲಿಗೆ ಯಂತ್ರದ ನೆನಪು ಬರುವುದು ಸಹಜವೇ.

ತೊಡಕು ಇರುವುದು ಇಲ್ಲಿ. ಇಂಜಿನ್ನಿನ ಕವಾಟಗಳೂ (ವಾಲ್ವ್) ಎರಡು ಸುತ್ತಿಗೊಮ್ಮೆಯೇ ತೆರೆಯುತ್ತವೆ, ಅವನ್ನು ಒತ್ತುವ ಭಾಗವೇ ಟ್ಯಾಪೆಟ್. ಆದ್ದರಿಂದ ಸಡಿಲವಾದ ಟ್ಯಾಪೆಟ್ಟಿನ ಕಟಕಟ ಸದ್ದಿನ ಲಯವೂ ಇಂಜೆಕ್ಟರಿನ ಲಯವೂ ಒಂದೇ ಆಗಿರುತ್ತದೆ, ಲಯವನ್ನು ಮಾತ್ರ ಕೇಳಿ ಯಾರೂ ಇವೆರಡನ್ನು ಬೇರೆ ಮಾಡಲಾರರು. ಬೇರೆ ಮಾಡಲು ನಾನು ನೆಚ್ಚಿಕೊಂಡಿರುವ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಜೊತೆಯಲ್ಲಿ ಒಬ್ಬರನ್ನು ಸ್ಟೇರಿಂಗ್ ಮುಂದೆ ಕೂರಿಸಿ, 3,500 ಆರ್‌ಪಿಎಂವರೆಗೆ ಏರಿಸಿ ಥಟ್ಟನೆ ಆಕ್ಸಿಲರೇಟರ್ ಬಿಡಲು ಹೇಳಿ. ವೇಗ ಇಳಿಯುವ ಆ ಎರಡು ಮೂರು ಕ್ಷಣಗಳಲ್ಲಿ ಇಸಿಯು, ಎಂದರೆ ಇಂಜಿನ್ನನ್ನು ನಡೆಸುವ ಕಂಪ್ಯೂಟರು, ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಆಗ ಇಂಜೆಕ್ಟರುಗಳು ಮೌನವಾಗುತ್ತವೆ, ಟ್ಯಾಪೆಟ್ ಮಾತ್ರ ಇಂಜಿನ್ ತಿರುಗುವವರೆಗೂ ಬಡಿಯುತ್ತಲೇ ಇರುತ್ತದೆ. ಸದ್ದು ಕಡಿದು ಮತ್ತೆ ಐಡ್ಲಿಂಗ್ ಬಳಿ ಶುರುವಾದರೆ ಅದು ಇಂಜೆಕ್ಟರ್. ಕಡಿಯದೆ ವೇಗದ ಜೊತೆಗೇ ಇಳಿದುಬಂದರೆ ಅದು ಟ್ಯಾಪೆಟ್ ಅಥವಾ ಇಂಜಿನ್ನಿನ ಬೇರೊಂದು ಲೋಹದ ಭಾಗ.

ಮುಂದಿನ ಕೆಲಸಕ್ಕೆ ಉದ್ದನೆಯ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಇಂಜೆಕ್ಟರಿನ ಮೈಮೇಲೆ ಊರಿ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದರೆ ಪ್ರತಿಯೊಂದರ ಬಡಿತವೂ ಬೇರೆಬೇರೆಯಾಗಿ ಕೇಳುತ್ತದೆ. (ಹೀಗೆ ಬಗ್ಗುವ ಮುನ್ನ ಪಂಚೆಯ ತುದಿ, ಶಾಲು, ದುಪಟ್ಟಾ ಎಲ್ಲವನ್ನೂ ಬಿಗಿಯಾಗಿ ಕಟ್ಟಿಕೊಳ್ಳಿ. ಬೆಲ್ಟೂ ಫ್ಯಾನೂ ಅಲ್ಲೇ ಪಕ್ಕದಲ್ಲಿ ತಿರುಗುತ್ತಿರುತ್ತವೆ.) ನಾಲ್ಕೂ ಒಂದೇ ಸಮ, ಒಂದೇ ಚುರುಕಿನಲ್ಲಿ ಬಡಿದರೆ, ಎಷ್ಟೇ ಜೋರಾಗಿ ಕೇಳಿದರೂ, ಬದಲಿಸಲು ಕಾರಣವಿಲ್ಲ. ಒಂದು ಮಾತ್ರ ಮಂಕಾಗಿ, ಬಟ್ಟೆಯೊಳಗಿಂದ ಬಡಿದಂತೆ ಕೇಳಿಸಿದರೆ ಅಥವಾ ಕೇಳಿಸದೇ ಹೋದರೆ ಅದರ ಮೇಲೆ ಅನುಮಾನ ಪಡಬೇಕು. ಅನುಮಾನ ಬಂದ ಕೂಡಲೇ ಹೊಸದನ್ನು ಕೊಳ್ಳಬಾರದು. ಇಗ್ನಿಷನ್ ಆಫ್ ಮಾಡಿ, ಕಪ್ಲರ್ (ವೈರು ಸಿಕ್ಕಿಸುವ ಕೊಂಡಿ) ಬಿಡಿಸಿ, ಮಲ್ಟಿಮೀಟರಿನಲ್ಲಿ ಸುರುಳಿಯ ರೆಸಿಸ್ಟೆನ್ಸ್ ಅಳೆಯಿರಿ. ಈ ಕಾಲದ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಅದು 12ರಿಂದ 16 ಓಮ್ ನಡುವೆ ಇರುತ್ತದೆ. ಅಂಕಿಗಿಂತ ಮುಖ್ಯವಾದುದು ನಾಲ್ಕೂ ಹತ್ತಿರಹತ್ತಿರ ಇರುವುದು. ಸುರುಳಿ ಸರಿಯಿದ್ದೂ ಬಡಿತ ಮಂಕಾಗಿದ್ದರೆ ಸೂಜಿಗೆ ಅಂಟು ಕಟ್ಟಿರಬಹುದು, ಇಲ್ಲವೇ ಆ ಇಂಜೆಕ್ಟರಿಗೆ ಕರೆಂಟು ಪೂರ್ತಿಯಾಗಿ ತಲುಪುತ್ತಿಲ್ಲದಿರಬಹುದು.

ಎರಡನೆಯ ಸಾಧ್ಯತೆಯನ್ನು ಗ್ಯಾರೇಜುಗಳಲ್ಲಿ ಬಹಳ ಸಲ ನೋಡುವುದೇ ಇಲ್ಲ, ಇದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ. ಬ್ಯಾಟರಿ ವೋಲ್ಟೇಜ್ ಇಳಿದರೆ ಸೂಜಿ ಏಳುವುದು ತಡವಾಗುತ್ತದೆ. ಅದನ್ನು ಸರಿದೂಗಿಸಲು ಇಸಿಯು ತಾನು ಅಳೆದ ವೋಲ್ಟೇಜಿಗೆ ತಕ್ಕಂತೆ ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದಿಡುತ್ತದೆ. ಆದರೆ ಅದು ಅಳೆಯುವುದು ತನ್ನ ಬಾಗಿಲಿಗೆ ಬಂದ ವೋಲ್ಟೇಜನ್ನು ಮಾತ್ರ. ಅಲ್ಲಿಂದಾಚೆ, ಇಂಜೆಕ್ಟರಿಗೆ ಹೋಗುವ ವೈರಿನಲ್ಲಿಯೋ ಹಸಿರು ಹಿಡಿದ ಪಿನ್ನಿನಲ್ಲಿಯೋ ಒಂದೂವರೆ ವೋಲ್ಟ್ ಸೋರಿಹೋದರೆ ಇಸಿಯುಗೆ ಅದು ಗೊತ್ತೇ ಆಗುವುದಿಲ್ಲ. ಆ ಸಿಲಿಂಡರಿಗೆ ಪೆಟ್ರೋಲ್ ಕಡಿಮೆ ಬೀಳುತ್ತದೆ, ಮಿಸ್ಸಿಂಗ್ (ಇಂಜಿನ್ ತೊದಲುವುದು) ಶುರುವಾಗುತ್ತದೆ, ಮಾಲೀಕರು ಇಂಜೆಕ್ಟರ್ ಬದಲಿಸುತ್ತಾರೆ, ಹೊಸ ಇಂಜೆಕ್ಟರೂ ಮಂಕಾಗಿಯೇ ಬಡಿಯುತ್ತದೆ.

ಟಿಕ್ ಸದ್ದನ್ನು ಹೋಲುವ ಇನ್ನೆರಡು ಸದ್ದುಗಳಿವೆ. ಬೆಳಿಗ್ಗೆ ತಣ್ಣಗಿರುವಾಗ ಜೋರಾಗಿದ್ದು ಬಿಸಿಯಾದಂತೆ ಅಡಗುವ ಚಟಚಟ ಸದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿಕೆಯದಾಗಿರಬಹುದು. ಹರಿತವಾದ, ಚಿಟಿಕೆ ಹೊಡೆದಂತಹ ‘ಚಟ್’ ಸದ್ದಾದರೆ ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿ. ಹಳೆಯ ಪ್ಲಗ್ ವೈರಿನಿಂದ ಕಿಡಿ ಇಂಜಿನ್ನಿನ ಮೈಗೆ ಹಾರುತ್ತಿದ್ದರೆ ನೀಲಿ ಬೆಳಕು ಕಣ್ಣಿಗೇ ಕಾಣುತ್ತದೆ. ಆಗ ದೂರದಿಂದ ನೋಡಿ ಸಾಕು, ಕೈ ಹಾಕಬೇಡಿ.

ಪ್ರಶ್ನೆ: ನನ್ನದು 2004ರ ಸಣ್ಣ ಕಾರು. ಹಿಂದಿನ ಸೀಟಿನ ಕೆಳಗಿಂದ ‘ಗುಂಯ್’ ಎಂಬ ಸದ್ದು ಬರುತ್ತಿತ್ತು, ಈಚೆಗೆ ಹೆಚ್ಚಾಗಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಗಂಟೆ ಓಡಿಸಿದ ಮೇಲೆ ಇಂಜಿನ್ ಒಮ್ಮೊಮ್ಮೆ ನಿಂತುಬಿಡುತ್ತದೆ, ಹದಿನೈದು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಫ್ಯುಯೆಲ್ ಪಂಪನ್ನು ಹೋದ ವರ್ಷವೇ ಬದಲಿಸಿದ್ದೇನೆ. (ಓದುಗರೊಬ್ಬರು, ಕುಂದಾಪುರ)

ಉತ್ತರ: ಇಗ್ನಿಷನ್ ಆನ್ ಮಾಡಿದೊಡನೆ ಎರಡು ಮೂರು ಸೆಕೆಂಡು ಪಂಪಿನ ಸದ್ದು ಕೇಳಿ ನಿಲ್ಲುವುದು ಸರಿಯಾದ ಲಕ್ಷಣ, ಪೈಪಿನಲ್ಲಿ ಒತ್ತಡ ತುಂಬಿಸಲು ಇಸಿಯು ಹಾಗೆ ಮಾಡಿಸುತ್ತದೆ. ಓಡುವಾಗ ಸದ್ದು ಏರುತ್ತಿದ್ದರೆ ಮೂರು ಕಾರಣಗಳನ್ನು ನೋಡಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಸದಾ ತಳದಲ್ಲೇ ಇರುವುದು ಮೊದಲನೆಯದು. ಮುಳುಗಿರುವ ಪಂಪಿಗೆ ತಂಪು ಕೊಡುವುದು ಸುತ್ತಲಿನ ಪೆಟ್ರೋಲೇ ಆದ್ದರಿಂದ ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಸದಿರುವುದು ಒಳ್ಳೆಯದು. ಫಿಲ್ಟರ್ ಕಟ್ಟಿಕೊಂಡಿರುವುದು ಎರಡನೆಯದು. ನಿಮ್ಮ ಪತ್ರ ಓದಿದಾಗ ನನ್ನ ಮನಸ್ಸು ಹೋಗಿದ್ದು ಮೂರನೆಯದರ ಕಡೆಗೆ, ವೈರಿನ ಕಡೆಗೆ. ಪಂಪು ಹೊಸದು, ಕಾರು ಇಪ್ಪತ್ತು ವರ್ಷ ಕಡಲ ಉಪ್ಪುಗಾಳಿಯಲ್ಲಿ ನಿಂತದ್ದು, ತೊಂದರೆ ಬರುವುದು ಬಿಸಿಯಾದಾಗ. ಈ ಮೂರೂ ಸೇರಿದ ಕಡೆ ರಿಲೇ (ಪಂಪಿಗೆ ಕರೆಂಟು ಹಾಯಿಸುವ ಸ್ವಿಚ್ಚು), ಕಪ್ಲರ್, ಅರ್ಥ್ ಜೋಡಣೆಗಳನ್ನು ನೋಡದೆ ಮುಂದೆ ಹೋಗಬಾರದು.

ಇದಕ್ಕೆ ಒಂದು ಸಣ್ಣ ಲೆಕ್ಕವಿದೆ. ಇಂತಹ ಪಂಪು ಸುಮಾರು 5 ಆಂಪಿಯರ್ ಕರೆಂಟು ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಹಾದಿಯಲ್ಲಿ ಎಲ್ಲೋ 0.2 ಓಮ್ ರೆಸಿಸ್ಟೆನ್ಸ್ ಸೇರಿಕೊಂಡರೆ 1 ವೋಲ್ಟ್ ಅಲ್ಲೇ ಶಾಖವಾಗಿ ಕಳೆದುಹೋಗುತ್ತದೆ. ಆ ಶಾಖದಿಂದ ಪಿನ್ನು ಇನ್ನಷ್ಟು ಸಡಿಲವಾಗಿ ಕಪ್ಪಾಗುತ್ತದೆ, ನಷ್ಟ 2 ವೋಲ್ಟಿಗೆ ಏರುತ್ತದೆ. ಇಷ್ಟಾದರೂ ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಅಳೆದ ಎಲೆಕ್ಟ್ರಿಷಿಯನ್ ‘ವೈರ್ ಸರಿ ಇದೆ’ ಎಂದೇ ಹೇಳುತ್ತಾರೆ, ಏಕೆಂದರೆ ಮೀಟರಿನ ಎರಡು ತಂತಿಗಳ ರೆಸಿಸ್ಟೆನ್ಸೇ ಸುಮಾರು ಅಷ್ಟಿರುತ್ತದೆ. ನೂರು ಎಳೆಗಳಲ್ಲಿ ತೊಂಬತ್ತು ತುಂಡಾಗಿ ಹತ್ತು ಉಳಿದಿದ್ದರೂ ಓಮ್‌ಮೀಟರಿಗೆ ಅದು ಒಳ್ಳೆಯ ವೈರೇ. ಆದ್ದರಿಂದ ಕರೆಂಟು ಹರಿಯುತ್ತಿರುವಾಗಲೇ ವೋಲ್ಟ್ ಅಳೆಯಬೇಕು.

ಕ್ರಮ ಹೀಗಿದೆ. ಪೆಟ್ರೋಲಿನ ವಾಸನೆ ಸ್ವಲ್ಪವೂ ಇಲ್ಲವೆಂದು ಖಚಿತ ಮಾಡಿಕೊಂಡು, ಇಂಜಿನ್ ಚಾಲೂ ಇಟ್ಟು, ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ. ಒಂದು ಮೊನೆಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೂ ಇನ್ನೊಂದನ್ನು, ಉದ್ದನೆಯ ವೈರ್ ಸೇರಿಸಿಕೊಂಡು, ಪಂಪಿನ ಕಪ್ಲರಿನ ಪ್ಲಸ್ ಪಿನ್ನಿಗೂ ಹಿಂಬದಿಯಿಂದ ಮುಟ್ಟಿಸಿ. ಹಲವು ಕಾರುಗಳಲ್ಲಿ ಈ ಕಪ್ಲರ್ ಹಿಂದಿನ ಸೀಟಿನ ಅಡಿಯಲ್ಲೇ ಸಿಗುತ್ತದೆ. ಮೀಟರ್ ತೋರಿಸುವ ಅಂಕಿಯೇ ಹಾದಿಯಲ್ಲಿ ಕಳೆದುಹೋದ ವೋಲ್ಟೇಜ್. ಬಳಿಕ ಬ್ಯಾಟರಿಯ ಮೈನಸ್ಸಿಗೂ ಪಂಪಿನ ಅರ್ಥ್ ಪಿನ್ನಿಗೂ ಹಾಗೆಯೇ ಮಾಡಿ. ಯಾವ ಕಡೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡಿತೋ ಆ ಕಡೆ ಒಂದೊಂದೇ ಜೋಡಣೆಯನ್ನು ದಾಟುತ್ತಾ ಬನ್ನಿ. ಅಂಕಿ ಇದ್ದಕ್ಕಿದ್ದಂತೆ ಇಳಿಯುವ ಜಾಗದಲ್ಲೇ ದೋಷವಿದೆ. ನನ್ನ ಅನುಭವದಲ್ಲಿ ಪ್ಲಸ್ ಕಡೆಗಿಂತ ಅರ್ಥ್ ಕಡೆಯೇ ಹೆಚ್ಚು ಸಲ ಸಿಕ್ಕಿಬೀಳುತ್ತದೆ. ಕಾರಿನ ಲೋಹದ ಮೈಗೆ ಬಿಗಿದ ಒಂದು ಬೋಲ್ಟು, ಅದರಡಿ ತುಕ್ಕು, ಅದರ ಮೇಲೆ ಯಾರೋ ಬಳಿದ ಅಂಡರ್‌ಕೋಟಿಂಗ್. ಆ ಬೋಲ್ಟನ್ನು ಬಿಚ್ಚಿ, ಲೋಹ ಹೊಳೆಯುವ ತನಕ ಮರಳು ಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಕರಾವಳಿಯ ಗಾಳಿಯಲ್ಲೂ ಅದು ಬಹಳ ಕಾಲ ಬರುತ್ತದೆ.

ದಾರಿಯಲ್ಲಿ ನಿಂತಾಗ ಮಾಡಬೇಕಾದ ಪರೀಕ್ಷೆ ಬೇರೆ. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಇಂಜಿನ್ ನಿಂತಾಗ ಇಗ್ನಿಷನ್ ಆಫ್ ಮಾಡಿ, ಪಂಪಿನ ಕಪ್ಲರ್ ಬಿಡಿಸಿ, ಬಲ್ಬನ್ನು ಅದಕ್ಕೆ ಜೋಡಿಸಿ, ಆಮೇಲೆ ಜೊತೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ಮೊದಲ ಎರಡು ಮೂರು ಸೆಕೆಂಡು ಬಿಟ್ಟರೆ, ಇಂಜಿನ್ ತಿರುಗುತ್ತಿರುವ ಸೂಚನೆ ಸಿಗದಿದ್ದರೆ ಇಸಿಯು ಪಂಪಿಗೆ ಕರೆಂಟು ಕೊಡುವುದಿಲ್ಲವಾದ್ದರಿಂದ ಬರೀ ಇಗ್ನಿಷನ್ ಆನ್ ಮಾಡಿ ನೋಡಿದರೆ ಮೋಸಹೋಗುತ್ತೀರಿ. ಬಲ್ಬು ಚೆನ್ನಾಗಿ ಉರಿದರೆ ಹೊಸ ಪಂಪೇ ದೋಷಿ. ಮಂಕಾಗಿ ಉರಿದರೆ ವೈರು ಅಥವಾ ಅರ್ಥ್. ಉರಿಯದೇ ಹೋದರೆ ರಿಲೇ, ಇಗ್ನಿಷನ್ ಸ್ವಿಚ್ ಇಲ್ಲವೇ ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್. ಈ ಸೆನ್ಸರಿಗೂ ಬಿಸಿಯಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಸರಿಹೋಗುವ ಸ್ವಭಾವವಿದೆ. ಎಲ್‌ಇಡಿ ಇರುವ ಟೆಸ್ಟರ್ ಇದಕ್ಕೆ ಪ್ರಯೋಜನವಿಲ್ಲ, ಒಂದೆರಡು ಎಳೆ ಮಾತ್ರ ಉಳಿದ ವೈರಿನಲ್ಲೂ ಅದು ಫಳಫಳ ಹೊಳೆಯುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 2005ರ ಕಾರಿಗೆ ಹಿಂದಿನ ಮಾಲೀಕರು ಗ್ಯಾಸ್ ಕಿಟ್ ಹಾಕಿಸಿ ಆಮೇಲೆ ತೆಗೆಸಿದ್ದಾರೆ. ಹೊಂಡದಲ್ಲಿ ಇಳಿದಾಗ ಒಮ್ಮೆಲೇ ಪಿಕಪ್ ಹೋಗುತ್ತದೆ, ಚೆಕ್ ಇಂಜಿನ್ ದೀಪ ಹತ್ತಿ ಆರುತ್ತದೆ. ಎರಡು ಕಡೆ ತೋರಿಸಿದರೂ ಸಿಕ್ಕಿಲ್ಲ. (ಓದುಗರೊಬ್ಬರು, ಬೆಂಗಳೂರು)

ಉತ್ತರ: ಗ್ಯಾಸ್ ಮೇಲೆ ಓಡುವಾಗ ಪೆಟ್ರೋಲ್ ಇಂಜೆಕ್ಟರುಗಳನ್ನು ನಿಲ್ಲಿಸಬೇಕು, ನಿಲ್ಲಿಸಿದ್ದು ಇಸಿಯುಗೆ ತಿಳಿಯಬಾರದು. ಅದಕ್ಕಾಗಿ ಎಮ್ಯುಲೇಟರ್ ಎಂಬ ಪೆಟ್ಟಿಗೆಯನ್ನು ನಡುವೆ ಕೂರಿಸುತ್ತಾರೆ. ಹಲವು ಕಡೆ ಅದನ್ನು ಕೂರಿಸುವುದು ಇಂಜೆಕ್ಟರಿನ ಮೂಲ ವೈರುಗಳನ್ನು ಕತ್ತರಿಸಿಯೇ. ಕಿಟ್ ತೆಗೆದವರು ಆ ತುದಿಗಳನ್ನು ಮತ್ತೆ ಸೇರಿಸಲೇಬೇಕು, ಮತ್ತು ಬಹುತೇಕ ಕಡೆ ಅದನ್ನು ಕೈಯಲ್ಲಿ ಹೊಸೆದು ಕಪ್ಪು ಟೇಪ್ ಸುತ್ತಿ ಮುಗಿಸಿರುತ್ತಾರೆ. ಇಂಜಿನ್ನಿನ ಬಿಸಿಗೆ ಆ ಟೇಪಿನ ಅಂಟು ಕರಗಿ ಜಾರುತ್ತದೆ, ಒಳಗೆ ತೇವ ಸೇರಿ ತಾಮ್ರ ಹಸಿರಾಗುತ್ತದೆ, ಹೊಂಡದ ಕುಲುಕಾಟಕ್ಕೆ ಎಳೆಗಳು ಕ್ಷಣ ಹೊತ್ತು ಬಿಟ್ಟು ಮತ್ತೆ ಮುಟ್ಟುತ್ತವೆ. ನೀವು ಬರೆದ ಲಕ್ಷಣ ಇದಕ್ಕೆ ಪೂರ್ತಿ ಹೊಂದುತ್ತದೆ.

ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಇಂಜೆಕ್ಟರುಗಳಿಂದ ಹೊರಟ ವೈರಿನ ಕಟ್ಟನ್ನು ಗೇಣುಗೇಣಿಗೆ ಹಿಡಿದು ಮೆಲ್ಲನೆ ಅಲುಗಿಸುತ್ತಾ ಹೋಗಲು ಹೇಳಿ. ಇಂಜಿನ್ ತೊದಲಿದ ಜಾಗದಲ್ಲಿ ನಿಲ್ಲಿಸಿ, ಸುತ್ತಿದ್ದನ್ನು ಬಿಚ್ಚಿಸಿ. ಎಮ್ಯುಲೇಟರಿಗೆ ಹೋಗಿದ್ದ ಜೋಡಣೆಗಳು ಎಷ್ಟಿವೆಯೋ ಅಷ್ಟನ್ನೂ, ಸರಿಯಾಗಿ ಕಂಡವನ್ನೂ ಸೇರಿಸಿ, ಒಂದೇ ಸಲಕ್ಕೆ ಮತ್ತೆ ಮಾಡಿಸಿ. ಕಪ್ಪಾದ ತಾಮ್ರವನ್ನು ಹೊಳೆಯುವವರೆಗೆ ಕತ್ತರಿಸಿ ತೆಗೆದು, ಮೊದಲಿನಷ್ಟೇ ದಪ್ಪದ ಆಟೋ ವೈರಿನ ತುಂಡು ಸೇರಿಸಿ, ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ (ಅದುಮಿ ಸೇರಿಸಿ), ಒಳಗೆ ಅಂಟಿರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ಹಾಕಬೇಕು. ಬೆಸುಗೆ ಹಾಕಿದರೆ ಇನ್ನೂ ಗಟ್ಟಿಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಮನೆಯ ರೇಡಿಯೋಗೆ ಅದು ಸರಿ. ಸದಾ ನಡುಗುವ ಇಂಜಿನ್ ಮೇಲೆ ಬೆಸುಗೆ ಮುಗಿದ ಅಂಚಿನಲ್ಲೇ ವೈರು ಮಡಚಿ ಮಡಚಿ ತುಂಡಾಗುತ್ತದೆ. ಅಂದಹಾಗೆ, 2005ರ ನಿಮ್ಮ ಕಾರಿಗೆ ಇಂದಿನ ಸ್ಕ್ಯಾನರ್ ಜೋಡಿಯಾಗದೆ ಹೋದರೆ ಗಾಬರಿಯಾಗಬೇಡಿ. ನಮ್ಮಲ್ಲಿ ಓಬಿಡಿ (ದೋಷಗಳನ್ನು ಕಾರೇ ದಾಖಲಿಸಿಕೊಳ್ಳುವ ವ್ಯವಸ್ಥೆ) ಕಡ್ಡಾಯವಾಗಿದ್ದು ಬಿಎಸ್ 4 ಹೊಗೆ ನಿಯಮದ ಕಾಲದಲ್ಲಿ, ಎಂದರೆ 2010ರ ನಂತರ. ಅದಕ್ಕೂ ಹಳೆಯ ಕೆಲವು ಕಾರುಗಳಲ್ಲಿ ಚೆಕ್ ಇಂಜಿನ್ ದೀಪ ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸಿ ದೋಷದ ಸಂಖ್ಯೆಯನ್ನು ಓದುವ ಕ್ರಮವಿತ್ತು, ಹಳಬರಾದ ಮೆಕ್ಯಾನಿಕ್‌ಗಳಿಗೆ ಅದು ತಿಳಿದಿರುತ್ತದೆ.

ಪ್ರಶ್ನೆ: ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲ್ ಬಂದ ಮೇಲೆ 2003ರ ನಮ್ಮ ಕಾರಿನಲ್ಲಿ ಪೆಟ್ರೋಲ್ ವಾಸನೆ ಬರುತ್ತಿದೆ. ಸಂಬಂಧವಿದೆಯೇ? (ಓದುಗರೊಬ್ಬರು, ಧಾರವಾಡ)

ಉತ್ತರ: ಮೊದಲ ಮಾತು: ವಾಸನೆಯ ಮೂಲ ಸಿಗುವವರೆಗೆ ಕಾರನ್ನು ಸ್ಟಾರ್ಟ್ ಮಾಡಬೇಡಿ. ಕಾರ್ಬ್ಯುರೇಟರ್ ಕಾಲದ ಸೋರಿಕೆ ತೊಟ್ಟಿಕ್ಕುತ್ತಿತ್ತು. ಇಂಜೆಕ್ಷನ್ ಕಾರಿನ ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡವಿರುವುದರಿಂದ ಸೂಜಿಮೊನೆಯಷ್ಟು ಬಿರುಕೂ ಪೆಟ್ರೋಲನ್ನು ಮಂಜಿನಂತೆ ಬಿಸಿ ಇಂಜಿನ್ ಮೇಲೆ ಎರಚುತ್ತದೆ. ಹತ್ತಿರದಲ್ಲೇ ಇನ್ಸುಲೇಷನ್ ಉದುರಿದ ವೈರೂ ಇದ್ದರೆ ಉಳಿದದ್ದನ್ನು ನಾನು ಬರೆಯಬೇಕಿಲ್ಲ.

ಸಂಬಂಧ ಇರಲು ಸಾಧ್ಯ. ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ನಿಮ್ಮ ಕಾರಿನ ರಬ್ಬರ್ ಪೈಪುಗಳನ್ನು ಆಯ್ದ ಕಾಲದಲ್ಲಿ ಶೇ 20 ಎಥನಾಲ್ ನಮ್ಮಲ್ಲಿ ಯಾರ ಲೆಕ್ಕದಲ್ಲೂ ಇರಲಿಲ್ಲ. ಎಥನಾಲ್ ಕೆಲವು ಬಗೆಯ ಹಳೆಯ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸಬಲ್ಲದು, ನೀರನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕೂತ ಕೆಸರನ್ನು ಕದಡಿ ಫಿಲ್ಟರಿಗೆ ತರುತ್ತದೆ. ಇಪ್ಪತ್ತು ವರ್ಷದ ರಬ್ಬರ್ ಎಥನಾಲ್ ಇಲ್ಲದೆಯೂ ಬಿರುಕು ಬಿಟ್ಟೀತು ಎಂಬುದೂ ನಿಜ. ಯಾವುದೇ ಕಾರಣವಿದ್ದರೂ ಮಾಡಬೇಕಾದ ಕೆಲಸ ಒಂದೇ: ಟ್ಯಾಂಕಿನಿಂದ ಇಂಜೆಕ್ಟರ್‌ವರೆಗಿನ ಎಲ್ಲ ರಬ್ಬರ್ ಪೈಪು, ಇಂಜೆಕ್ಟರಿನ ಓ-ರಿಂಗು, ಫಿಲ್ಟರ್ ಬದಲಿಸುವುದು. ಕಂಪನಿಯದೇ ಪೈಪು ಸಿಗದಿದ್ದರೆ ಅಂಗಡಿಯಲ್ಲಿ ಬರೀ ‘ಪೆಟ್ರೋಲ್ ಪೈಪ್’ ಎಂದು ಕೇಳಬೇಡಿ. ಪೈಪಿನ ಮೈಮೇಲೆ ‘ಜೆ30 ಆರ್9’ ಎಂಬ ಮುದ್ರೆ ಇದೆಯೇ ಎಂದು ನೋಡಿ. ಅದು ಇಂಜೆಕ್ಷನ್ ಒತ್ತಡಕ್ಕಾಗಿಯೇ ಮಾಡಿದ್ದು. ‘ಆರ್7’ ಮುದ್ರೆಯದು ಕಾರ್ಬ್ಯುರೇಟರಿಗೆ ಮಾತ್ರ. ಬಿಚ್ಚುವ ಮುನ್ನ ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಒತ್ತಡ ಇಳಿಸಿ, ಬ್ಯಾಟರಿಯ ಮೈನಸ್ ಬಿಡಿಸುವುದು ವಾಡಿಕೆ. ನಿಮ್ಮ ಕಾರು ಈಗಾಗಲೇ ಸೋರುತ್ತಿರುವುದರಿಂದ ಆ ಕ್ರಮವೂ ಬೇಡ. ಮೊದಲೇ ಬ್ಯಾಟರಿ ಬಿಡಿಸಿ, ಕಾರನ್ನು ತಳ್ಳಿ ಬಯಲಿಗೆ ತಂದು, ಮೆಕ್ಯಾನಿಕ್‌ರನ್ನು ಅಲ್ಲಿಗೇ ಕರೆಸಿಕೊಳ್ಳಿ.

ಪ್ರಶ್ನೆ: ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿನ ವೈರುಗಳನ್ನು ಇಲಿ ಕಡಿದಿದೆ. ಮಿಕ್ಕ ವೈರುಗಳೂ ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತವೆ. 15 ಆಂಪಿಯರ್ ಫ್ಯೂಸ್ ಪದೇಪದೇ ಹೋಗುವುದರಿಂದ ಎಲೆಕ್ಟ್ರಿಷಿಯನ್ 30ರದ್ದು ಹಾಕಿಕೊಟ್ಟಿದ್ದಾರೆ. (ಓದುಗರೊಬ್ಬರು, ಕೊಪ್ಪ)

ಉತ್ತರ: ಈ ಸಾಲನ್ನು ಓದಿದೊಡನೆ ಹೋಗಿ ಆ 30ರ ಫ್ಯೂಸನ್ನು ಕಿತ್ತುಹಾಕಿ. ಫ್ಯೂಸ್ ಇರುವುದು ವೈರನ್ನು ಉಳಿಸಲು. 15ಕ್ಕೆ ತಕ್ಕ ವೈರಿನಲ್ಲಿ 30 ಹರಿದರೆ ಫ್ಯೂಸಿನ ಬದಲು ವೈರೇ ಬಿಸಿಯೇರಿ ಸುಡುತ್ತದೆ, ಅದೂ ಡ್ಯಾಶ್‌ಬೋರ್ಡಿನ ಹಿಂದೆ, ಕಣ್ಣಿಗೆ ಕಾಣದ ಕಡೆ.

ವೈರಿನ ಹೊದಿಕೆಯಲ್ಲಿ ಮೆದುತನ ಕೊಡುವ ದ್ರವ್ಯವು ಶಾಖಕ್ಕೆ ವರ್ಷವರ್ಷವೂ ಆರಿಹೋಗುವುದರಿಂದ ಹೀಗೆ ಗರಿಗರಿಯಾಗುತ್ತದೆ. ದುಬಾರಿ ಕಾರುಗಳಿಗೂ ಇದು ತಪ್ಪಿಲ್ಲ. 1990ರ ದಶಕದ ಮೊದಲರ್ಧದ ಕೆಲವು ಮರ್ಸಿಡಿಸ್ ಬೆಂಜ್ ಮಾದರಿಗಳಲ್ಲಿ ಇಂಜಿನ್ ಹಾರ್ನೆಸ್‌ನ (ವೈರುಗಳ ಕಟ್ಟಿನ) ಹೊದಿಕೆ ಉದುರುವುದು ಹಳೆಯ ಕಾರು ಪ್ರಿಯರೆಲ್ಲರಿಗೂ ತಿಳಿದ ಸಂಗತಿ. ನಿಮ್ಮ ಕಾರಿನ ಈ ಸ್ಥಿತಿಯಲ್ಲಿ ತೇಪೆ ಹಾಕಬಾರದು. ಇಂಜಿನ್ ಭಾಗದ ಹಾರ್ನೆಸ್ಸನ್ನು ಪೂರ್ತಿಯಾಗಿ ಬದಲಿಸಿ. ಹೊಸದು ಸಿಗದಿದ್ದರೆ ಹಳೆಯ ಕಪ್ಲರುಗಳನ್ನು ಉಳಿಸಿಕೊಂಡು, ಶಾಖ ತಡೆಯುವ ಹೊದಿಕೆಯ ವೈರಿನಲ್ಲಿ, ಅದೇ ಬಣ್ಣ ಅದೇ ದಪ್ಪ ಇಟ್ಟು ಕಟ್ಟಿಕೊಡುವವರು ದೊಡ್ಡ ಊರುಗಳಲ್ಲಿದ್ದಾರೆ. ಗುಜರಿ ಕಾರಿನಿಂದ ಕಿತ್ತ ಹಾರ್ನೆಸ್ ಅಗ್ಗವಾಗಿ ಸಿಕ್ಕೀತು, ಆದರೆ ಅದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಹಳೆಯದನ್ನು ಬಿಚ್ಚುವ ಮುನ್ನ ಪ್ರತಿಯೊಂದು ತಿರುವಿನ, ಪ್ರತಿಯೊಂದು ಕ್ಲಿಪ್ಪಿನ ಫೋಟೋ ತೆಗೆದುಕೊಳ್ಳಿ. ಎಕ್ಸಾಸ್ಟಿನಿಂದ ವೈರನ್ನು ದೂರ ಹಿಡಿದಿರುವುದು ಆ ಸಣ್ಣ ಕ್ಲಿಪ್ಪುಗಳೇ, ಜೋಡಿಸುವಾಗ ಮರೆತುಹೋಗುವುದೂ ಅವೇ. ಹೊಸ ಹಾರ್ನೆಸ್ ಕೂತ ಮೇಲೆ 15ರ ಫ್ಯೂಸ್ ಹಾಕಿ. ಅದು ಮತ್ತೆ ಹೋದರೆ ವೈರನ್ನು ಬಿಟ್ಟು ಅದರ ತುದಿಯಲ್ಲಿರುವ ಮೋಟಾರನ್ನೋ ಪಂಪನ್ನೋ ಪರೀಕ್ಷಿಸಿ.

ಇಲಿಗೆ ಹೊಗೆಸೊಪ್ಪು, ನುಸಿಗುಳಿಗೆ ಎಂದೆಲ್ಲ ಹೇಳುವವರಿದ್ದಾರೆ. ಅದಕ್ಕೂ ಮೊದಲು ಬತ್ತದ ಚೀಲ, ಹಿಂಡಿಯ ಮೂಟೆಗಳನ್ನು ಆ ಶೆಡ್ಡಿನಿಂದ ಬೇರೆಡೆಗೆ ಸಾಗಿಸಿ, ವಾರಕ್ಕೆರಡು ಸಲ ಕಾರನ್ನು ಹೊರಗೆ ತೆಗೆದು ಓಡಿಸಿ. ಮಳೆಗಾಲದಲ್ಲಿ ಓಡಿಸಲಾಗದಿದ್ದರೆ ಬಾನೆಟ್ ಎತ್ತಿಯೇ ನಿಲ್ಲಿಸಿ, ಬೆಳಕು ಬೀಳುವ ಕಡೆ ಇಲಿ ಗೂಡು ಕಟ್ಟುವುದು ಕಡಿಮೆ.